ನಿಂತ ಆನೆಗೆ ಸರ್ಟಿಫಿಕೇಟ್ ಇಲ್ಲ

ನಿಯಮಗಳಿರುವ ಕಡೆ ಇಂಥವು ನಡೆಯುತ್ತಲೇ ಇರುತ್ತವೆ. ನಿಯಮ ಮಾಡುವವರು ಹೆಚ್ಚು ಓದಿದವರಾದರೆ ಇನ್ನೂ ಬೇಗ ನಡೆಯುತ್ತವೆ.

ವಯನಾಡು ಆಗ ಹೊಸ ಜಿಲ್ಲೆ. ಕಲ್ಪೆಟ್ಟದಲ್ಲಿ ಎಲ್ಲರಿಗೂ ಏನಾದರೊಂದನ್ನು ಉದ್ಘಾಟಿಸುವ ಆತುರ. ಒಬ್ಬ ಕರಿಮೆಣಸಿನ ವ್ಯಾಪಾರಿಯ ಗೋದಾಮಿನ ಮೇಲಂತಸ್ತನ್ನು ಬಾಡಿಗೆಗೆ ಹಿಡಿದು, ಕಂಪ್ಯೂಟರ್ ಅಧ್ಯಯನ ಕೇಂದ್ರ ಎಂದು ಬೋರ್ಡು ಹಾಕಿದರು. ಬಿ.ಎಸ್ಸಿ. ಮುಗಿಸಿ ಕೂತಿದ್ದ ನನ್ನನ್ನು ಸಹಾಯಕನಾಗಿ ತೆಗೆದುಕೊಂಡರು. ವಿಷಯ: ಅಲ್ಗಾರಿದಮ್. ಅಂದರೆ ಒಂದು ಕೆಲಸವನ್ನು ಹಂತಹಂತವಾಗಿ, ಅನುಮಾನಕ್ಕೆ ಎಡೆಯಿಲ್ಲದಂತೆ ಹೇಳುವುದು. ಅದಕ್ಕೊಂದು ಕೊನೆ ಇರಲೇಬೇಕು.

ಕೇಂದ್ರದ ಮುಖ್ಯಸ್ಥರು ಘಟ್ಟದ ಕೆಳಗಿನಿಂದ ಬಂದವರು. ಅವರ ನಿಯಮಗಳಿಗೆ ಕೊನೆ ಇರಲಿಲ್ಲ.

ಪ್ರಶ್ನೆ ಕೇಳುವ ಹೊತ್ತು

ಮೊದಲ ವಾರ ಪೂರ್ತಿ ಅವರು ನಿಯಮ ಓದಿದರು. ಚಪ್ಪಲಿ ಹೊರಗೆ ಬಿಡಬೇಕು. ಗಂಟೆ ಹೊಡೆದ ಮೇಲೆ ಬಾಗಿಲಿಗೆ ಚಿಲಕ. ತಡವಾಗಿ ಬಂದವರಿಗೆ ಅಂದಿನ ಹಾಜರಿ ಇಲ್ಲ. ಹಾಜರಿ ಕಡಿಮೆಯಾದರೆ ಪರೀಕ್ಷೆ ಇಲ್ಲ. ಪರೀಕ್ಷೆ ತಪ್ಪಿದರೆ ಸೀಟು ಹೋಯಿತು, ಮತ್ತೆ ಸಿಗದು.

ಹಿಂದಿನ ಬೆಂಚಿನಲ್ಲಿ ಗಡಿಯಂಚಿನ ಬಾವಲಿ ಊರಿನ ಹುಡುಗಿಯೊಬ್ಬಳು ಎದ್ದು ನಿಂತಳು. ನಮ್ಮೂರಿನವಳೇ, ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ. ಸೀಟು ಹೋದರೆ ಅಕ್ಕನ ಜೊತೆ ಕಾಫಿ ಬಿಡಿಸಲು ಹೋಗಬೇಕು ಎಂಬ ಒಪ್ಪಂದದ ಮೇಲೆ ಅವಳ ಅಮ್ಮ ಕಳಿಸಿದ್ದರು.

"ಸಾರ್, ಪಾಠ ಯಾವತ್ತು ಶುರು?" ಎಂದು ಕೇಳಿದಳು.

"ತರಗತಿಯಲ್ಲಿ ಪ್ರಶ್ನೆ ಕೇಳುವ ಹಾಗಿಲ್ಲ. ಅದಕ್ಕೆ ಬೇರೆ ಸಮಯ ಇದೆ. ಮಂಗಳವಾರ ಮೂರು ಗಂಟೆಗೆ ನನ್ನ ಕೋಣೆಗೆ ಬಾ."

"ಮಂಗಳವಾರ ಮೂರು ಗಂಟೆಗೆ ನಮಗೆ ತರಗತಿ ಇದೆ ಸಾರ್."

"ಯಾರ ತರಗತಿ?"

"ನಿಮ್ಮದೇ."

ಅವರು ವೇಳಾಪಟ್ಟಿ ನೋಡಿದರು. "ಹಾಗಾದರೆ ನಾನು ಕೋಣೆಯಲ್ಲಿ ಸಿಗುವುದಿಲ್ಲ" ಎಂದು ಮುಂದಿನ ನಿಯಮಕ್ಕೆ ಹೋದರು.

ಸ್ವಂತ ತಪ್ಪು

ನಕಲು ಮಾಡಬಾರದು ಎಂಬುದು ಎಲ್ಲ ಕಡೆಯೂ ಇರುವ ನಿಯಮ. ನಮ್ಮ ಮುಖ್ಯಸ್ಥರು ಅದನ್ನು ವಿಜ್ಞಾನವನ್ನಾಗಿ ಮಾಡಿದರು. ಎರಡು ಉತ್ತರ ಒಂದೇ ಥರ ಇದ್ದರೆ ಎರಡಕ್ಕೂ ಸೊನ್ನೆ.

ಮೊದಲ ಮನೆಗೆಲಸ: ಒಂದಷ್ಟು ಸಂಖ್ಯೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸುವ ಕ್ರಮ ಬರೆಯಿರಿ. ಪಾಠದಲ್ಲಿ ಹೇಳಿದ್ದೇ ಒಂದು ಕ್ರಮ. ಅದನ್ನು ಸರಿಯಾಗಿ ಬರೆದವರೆಲ್ಲರ ಉತ್ತರವೂ ಒಂದೇ ಆಗಿತ್ತು. ಅವರೆಲ್ಲರಿಗೂ ಸೊನ್ನೆ ಬಿತ್ತು. ಪಯ್ಯಂಪಳ್ಳಿಯ ಒಬ್ಬ ಹುಡುಗ ಬರೆದ ಕ್ರಮದಂತೆ ನಡೆದರೆ ಸಂಖ್ಯೆಗಳು ಹೋದ ದಾರಿಯಲ್ಲೇ ವಾಪಸು ಬಂದು, ಮತ್ತೆ ಹೊರಟು, ಲೋಕ ಇರುವ ತನಕ ತಿರುಗುತ್ತಿದ್ದವು. ಅಂಥದ್ದನ್ನು ಬೇರೆ ಯಾರೂ ಬರೆದಿರಲಿಲ್ಲ. ಅವನಿಗೆ ಪೂರ್ತಿ ಅಂಕ.

ಬಾವಲಿಯ ಹುಡುಗಿ ಮಂಗಳವಾರಕ್ಕೆ ಕಾಯಲಿಲ್ಲ. "ಸಾರ್, ಮೂರಕ್ಕೆ ಮೂರು ಕೂಡಿಸಿದರೆ ನಾವೆಲ್ಲ ಬೇರೆ ಬೇರೆ ಉತ್ತರ ಬರೀಬೇಕಾ?"

"ಅದು ಗಣಿತ. ಇದು ಕಂಪ್ಯೂಟರ್."

ಮುಂದಿನ ಸಲ ಎಲ್ಲರೂ ಸರಿಯಾಗಿ ಬರೆದು, ಕೊನೆಯಲ್ಲಿ ತಮ್ಮದೇ ಒಂದು ತಪ್ಪು ಸೇರಿಸಿದರು. ತಪ್ಪುಗಳು ಒಂದೇ ಆಗಬಾರದೆಂದು ಹಿಂದಿನ ದಿನವೇ ಒಟ್ಟಿಗೆ ಕೂತು ಹಂಚಿಕೊಂಡಿದ್ದರು. ಎಲ್ಲರೂ ಪಾಸು. ನಕಲು ನಿಂತಿತೆಂದು ಮುಖ್ಯಸ್ಥರು ನನಗೆ ಚಹಾ ಕೊಡಿಸಿದರು.

ಮುಸುಕು

ಕಂಪ್ಯೂಟರ್ ಒಂದಿತ್ತು. ಹಳದಿ ಮುಸುಕು ಹಾಕಿಕೊಂಡು ಒಳಕೋಣೆಯಲ್ಲಿ ಬಾಣಂತಿಯ ಹಾಗೆ ಕೂತಿತ್ತು. ಧೂಳು ಅದಕ್ಕೆ ಆಗದೆಂದು ಯಾರೂ ಮುಸುಕು ತೆಗೆಯುವಂತಿರಲಿಲ್ಲ. ಆದರೆ ಕೆಳಗಿನ ಗೋದಾಮಿನಲ್ಲಿ ದಿನವಿಡೀ ಕರಿಮೆಣಸು ತೂರುತ್ತಿದ್ದರು. ಮೇಲೆ ನಾವು ದಿನವಿಡೀ ಸೀನುತ್ತಿದ್ದೆವು. ಹಾಗಾಗಿ ಒಳಕೋಣೆಯಲ್ಲಿ ಸೀನಬಾರದು ಎಂಬ ನಿಯಮವೂ ಬಂತು.

ಮುಖ್ಯಸ್ಥರು ಒಂದು ದಿನ ಕೆಳಗಿಳಿದು ಹೋಗಿ ವ್ಯಾಪಾರಿಗೆ ಹೇಳಿದರು: "ನೀವು ಮೆಣಸು ತೂರುವುದನ್ನು ನಿಲ್ಲಿಸಬೇಕು. ಯಂತ್ರಕ್ಕೆ ಆಗುವುದಿಲ್ಲ."

ವ್ಯಾಪಾರಿ ತಕ್ಕಡಿಯಿಂದ ತಲೆಯೆತ್ತಲಿಲ್ಲ. "ಈ ಕಟ್ಟಡ ಎದ್ದದ್ದೇ ಮೆಣಸಿನಿಂದ ಸಾರೇ. ನಿಮ್ಮ ಯಂತ್ರ ನಿನ್ನೆ ಬಂದದ್ದು. ಅಭ್ಯಾಸ ಮಾಡಿಕೊಳ್ಳಲಿ."

ಯಂತ್ರಕ್ಕೆ ಅಭ್ಯಾಸವಾಗುವ ಅವಕಾಶವೇ ಬರಲಿಲ್ಲ. ಪ್ರಾಯೋಗಿಕ ಪರೀಕ್ಷೆಯಲ್ಲಿ ಮಾತ್ರ ಒಬ್ಬೊಬ್ಬರೇ ಒಳಗೆ ಹೋಗಿ, ಕೈ ಒರೆಸಿಕೊಂಡು, ಮುಸುಕು ತೆಗೆದು ಮಡಿಸಿ, ಯಂತ್ರ ನೋಡಿ, ಮತ್ತೆ ಮುಚ್ಚಿ ಬಂದರು. ಚೆನ್ನಾಗಿ ಮಡಿಸಿದವರಿಗೆ ಹೆಚ್ಚು ಅಂಕ.

ಆನೆಯ ಪುರಾವೆ

ಬಾವಲಿಯಿಂದ ಮೊದಲ ಬಸ್ಸು ಕಾಡಿನೊಳಗಿಂದ ಬರುತ್ತದೆ. ದಾರಿಯಲ್ಲಿ ಆನೆ ನಿಂತಿದ್ದರೆ ಬಸ್ಸೂ ನಿಲ್ಲುತ್ತದೆ. ಬಸ್ಸು ನಿಂತರೆ ಮಾನಂತವಾಡಿಯಲ್ಲಿ ಕಲ್ಪೆಟ್ಟದ ಬಸ್ಸು ತಪ್ಪುತ್ತದೆ. ಆಮೇಲೆ ನಮ್ಮ ಚಿಲಕ. ಹುಡುಗಿಯ ಹಾಜರಿ ಇಳಿಯುತ್ತ ಬಂತು.

"ಆನೆ ಅಂತ ಬಾಯಲ್ಲಿ ಹೇಳಿದರೆ ಆಗುವುದಿಲ್ಲ. ಅಧಿಕಾರ ಇರುವವರಿಂದ ಸರ್ಟಿಫಿಕೇಟ್ ತಾ" ಎಂದರು ಮುಖ್ಯಸ್ಥರು.

ಅವಳು ಅರಣ್ಯ ಕಚೇರಿಗೆ ಹೋದಳು. ಅಲ್ಲಿನ ಫಾರೆಸ್ಟರ್ ಒಳ್ಳೆಯ ಮನುಷ್ಯ. ಕುರ್ಚಿ ಕೊಟ್ಟು, ಮಗಳೇ ಎಂದು ಕರೆದು ವಿವರಿಸಿದರಂತೆ. "ಸತ್ತ ಆನೆಗೆ ಕೊಡ್ತೇನೆ ಮೋಳೇ. ಬಾಳೆ ಮುರಿದ ಆನೆಗೂ ಕೊಡ್ತೇನೆ. ಸುಮ್ಮನೆ ನಿಂತ ಆನೆಗೆ ಯಾವ ಲೆಕ್ಕದಲ್ಲಿ ಕೊಡಲಿ? ಅದು ನಿಂತದ್ದು ಅದರ ಜಾಗದಲ್ಲೇ ಅಲ್ವಾ?"

ಬರಿಗೈಯಲ್ಲಿ ಬಂದವಳನ್ನು ನೋಡಿ ಮುಖ್ಯಸ್ಥರು ನನ್ನತ್ತ ತಿರುಗಿದರು. "ನೋಡಿದಿರಾ? ಆನೆ ಇದ್ದಿದ್ದರೆ ಸರ್ಟಿಫಿಕೇಟ್ ಇರುತ್ತಿತ್ತು."

ಅಂದು ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಹುಡುಗಿ ನನ್ನನ್ನು ಕೇಳಿದಳು: "ಅಣ್ಣಾ, ಇನ್ನು ಎಷ್ಟು ಸಲ ತಪ್ಪಬಹುದು?"

"ಒಂದು ಸಲವೂ ಇಲ್ಲ."

"ಆನೆಗೆ ಯಾರು ಹೇಳೋದು?" ಎಂದು ಬಸ್ಸು ಹತ್ತಿದಳು.

ಖುದ್ದು ಪರಿಶೀಲನೆ

ಆ ಹೊತ್ತಿಗೆ ವಿಶ್ವವಿದ್ಯಾಲಯದಿಂದ ಒಬ್ಬ ಹಿರಿಯ ತನಿಖಾಧಿಕಾರಿ ಕೇಂದ್ರವನ್ನು ನೋಡಲು ಬರುತ್ತಾರೆಂದು ಗೊತ್ತಾಯಿತು. ಹುಡುಗಿಯ ಸೀಟು ತೆಗೆಯುವ ಮಾತನ್ನು ಅವರ ಮುಂದೆಯೇ ಇಡಬೇಕೆಂದು ಮುಖ್ಯಸ್ಥರ ಆಸೆ. ಶಿಸ್ತು ಕಾಣಬೇಕಲ್ಲ. ಅದಕ್ಕೆ ಮೊದಲು ಆನೆಯ ವಿಷಯವನ್ನು ಖುದ್ದು ಪರಿಶೀಲಿಸಿ, ಸುಳ್ಳೆಂದು ಸಾಧಿಸಬೇಕು. ಹಿಂದಿನ ಸಂಜೆ ಬಾವಲಿಗೆ ಹೋಗಿ ನಮ್ಮ ಮನೆಯಲ್ಲೇ ಉಳಿದರು. ಅಮ್ಮ ಮಾಡಿದ ರಾಗಿಮುದ್ದೆಯನ್ನು ಅಗಿದು ತಿಂದರೆಂದು ಆಮೇಲೆ ತಿಳಿಯಿತು. ಕಲ್ಪೆಟ್ಟದಲ್ಲೇ ರೂಮು ಮಾಡಿಕೊಂಡಿದ್ದ ನನಗೆ ಒಂದೇ ಆದೇಶ: "ನಾನು ಮೊದಲ ಬಸ್ಸಿಗೆ ಬರುತ್ತೇನೆ. ಗಂಟೆ ಹೊಡೆದರೆ ಚಿಲಕ ಹಾಕಿ. ಯಾರೇ ಆಗಲಿ, ತೆಗೆಯಬೇಡಿ."

ಬಸ್ಸಿನಲ್ಲಿ ನಡೆದದ್ದನ್ನು ಹುಡುಗಿ ಆಮೇಲೆ ಹೇಳಿದಳು. ಕಾಡಿನ ನಡುವೆ ಒಂಟಿಸಲಗ ರಸ್ತೆಗೆ ಅಡ್ಡ ನಿಂತಿತ್ತು. ಚಾಲಕ ಎಂಜಿನ್ ಆರಿಸಿ ಬೀಡಿ ತೆಗೆದ. ಮುಖ್ಯಸ್ಥರು ಮುಂದೆ ಹೋಗಿ ಹಾರ್ನ್ ಹೊಡೆಯಲು ಹೇಳಿದರು. ತಾವೇ ಕೈ ಚಾಚಿದಾಗ ಚಾಲಕ ಕೈ ಹಿಡಿದುಕೊಂಡ.

"ಮಿಂಡಾದಿರಿಕ್ಕ್ ಸಾರೇ" ಎಂದ. ಬಾಯಿ ಮುಚ್ಚಿಕೊಂಡಿರಿ ಎಂಬುದರ ಮರ್ಯಾದೆಯ ರೂಪ.

"ನನಗೆ ಹತ್ತು ಗಂಟೆಗೆ ತರಗತಿ ಇದೆ."

ಹಿಂದಿನ ಸೀಟಿನ ಅಜ್ಜಿಯೊಬ್ಬರು ಕನ್ನಡದಲ್ಲಿ ಹೇಳಿದರಂತೆ: "ಇಳಿದು ಹೋಗಿ ಅದಕ್ಕೇ ಹೇಳಪ್ಪ. ನಮಗ್ಯಾಕೆ ಹೇಳ್ತೀಯ?"

ಇತ್ತ ತನಿಖಾಧಿಕಾರಿ ಸಮಯಕ್ಕೆ ಬಂದು ಮುಂದಿನ ಬೆಂಚಿನಲ್ಲಿ ಕೂತರು. ಗಂಟೆ ಹೊಡೆಯಿತು. ಚಿಲಕ ಹಾಕಿ ನಾನು ಪಾಠ ಶುರು ಮಾಡಿದೆ. ಪಾಠ ಅರ್ಧಕ್ಕೆ ಬಂದಾಗ ಬಾಗಿಲು ಬಡಿದ ಸದ್ದು.

"ಯಾರದು?" ಎಂದರು ತನಿಖಾಧಿಕಾರಿ.

"ತಡವಾಗಿ ಬಂದವರು ಸಾರ್. ತೆಗೆಯುವ ನಿಯಮ ಇಲ್ಲ."

"ಒಳ್ಳೆಯದು. ಮುಂದುವರಿಸಿ."

ಮತ್ತೆ ಬಾಗಿಲು ಬಡಿದ ಸದ್ದು. ಈ ಸಲ ನನ್ನ ಹೆಸರನ್ನೂ ಕೂಗಿದರು. ಧ್ವನಿ ಗುರುತು ಸಿಕ್ಕಿತು. ಆದರೆ ಧ್ವನಿಗೆ ವಿನಾಯಿತಿ ಕೊಡುವ ನಿಯಮ ನನಗೆ ನೆನಪಾಗಲಿಲ್ಲ. ಪಾಠ ಮುಗಿಸಿಯೇ ಬಾಗಿಲು ತೆಗೆದೆ.

ಹುಡುಗಿ ಮೆಟ್ಟಿಲ ಮೇಲೆ ಕೂತು ಮನೆಗೆಲಸ ಬರೆಯುತ್ತಿದ್ದಳು. ಮುಖ್ಯಸ್ಥರು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತಿದ್ದರು. ಕೆಳಗಿನ ಮೆಣಸಿಗೆ ಕಣ್ಣು ಮೂಗು ಎರಡೂ ಸುರಿಯುತ್ತಿದ್ದವು.

"ಇವರು ಯಾರು?" ಎಂದರು ತನಿಖಾಧಿಕಾರಿ.

"ನಮ್ಮ ಮುಖ್ಯಸ್ಥರು" ಎಂದೆ.

"ಯಾಕೆ ತಡ?"

"ಆನೆ ಸಾರ್" ಎಂದರು ಮುಖ್ಯಸ್ಥರು, ಸೀನಿ.

"ಆನೆಯೋ? ಏನು ಪುರಾವೆ?"

ಮುಖ್ಯಸ್ಥರು ಜೇಬು ತಡಕಿದರು. ಹುಡುಗಿ ಎದ್ದು ನಿಂತು, ಅವರ ಪರವಾಗಿಯೇ ಎಂಬಂತೆ ಹೇಳಿದಳು: "ನಿಂತ ಆನೆಗೆ ಸರ್ಟಿಫಿಕೇಟ್ ಸಿಗೋದಿಲ್ಲ ಸಾರ್. ನಾನು ಕೇಳಿ ನೋಡಿದ್ದೇನೆ."

ಮುಖ್ಯಸ್ಥರು ಹಗ್ಗ ಸಿಕ್ಕವರಂತೆ ಹಿಡಿದುಕೊಂಡರು. "ಇವಳೇ ಸಾಕ್ಷಿ ಸಾರ್. ಅದೇ ಬಸ್ಸಿನಲ್ಲಿದ್ದಳು. ಪ್ರಾಮಾಣಿಕ ಹುಡುಗಿ. ಆನೆಯ ವಿಷಯದಲ್ಲಿ ಇವಳ ಮಾತು ಸಾಕು."

"ಸಾಕೋ?"

"ಧಾರಾಳ ಸಾರ್."

ನಾನು ಹಾಜರಿ ಪುಸ್ತಕ ತಂದು ತನಿಖಾಧಿಕಾರಿಯ ಮುಂದಿಟ್ಟೆ. ಹುಡುಗಿಗೆ ಹಾಜರಿ ತಪ್ಪಿದ ದಿನಗಳನ್ನು ಅವರು ಒಂದೊಂದಾಗಿ ತೋರಿಸಿ ಕೇಳಿದರು. ಅವಳು ಪ್ರತಿಯೊಂದಕ್ಕೂ "ಆನೆ" ಎಂದಳು. ಒಂದು ದಿನಕ್ಕೆ ಮಾತ್ರ "ಜ್ವರ" ಎಂದಳು. ಪ್ರಾಮಾಣಿಕ ಹುಡುಗಿ. ಜ್ವರ ಬಿಟ್ಟು ಉಳಿದದ್ದೆಲ್ಲ ಹಾಜರಿಯಾಯಿತು. ಅದಕ್ಕೆಲ್ಲ ಸಹಿ ಹಾಕಿದ್ದು ಮುಖ್ಯಸ್ಥರೇ.

ಅವಳು ಪರೀಕ್ಷೆ ಬರೆದಳು. ತಪ್ಪು ಸೇರಿಸದೆ ಬರೆದು ಪಾಸಾದಳು. ಉತ್ತರಪತ್ರಿಕೆ ನೋಡಿದವರು ಬೇರೆ ಊರಿನವರು.

ಮುಂದಿನ ವರ್ಷದ ನಿಯಮಗಳನ್ನು ಟೈಪ್ ಮಾಡಲು ಮುಖ್ಯಸ್ಥರು ನನ್ನ ಕೈಗೇ ಕೊಟ್ಟರು. ಹಳೆಯವೆಲ್ಲ ಹಾಗೆಯೇ ಇದ್ದವು. ಕೊನೆಯಲ್ಲಿ ಒಂದು ಮಾತ್ರ ಹೊಸದು: "ಬೋಧಕರನ್ನು ತಡೆದ ಆನೆಯನ್ನೂ ವಿದ್ಯಾರ್ಥಿಗಳನ್ನು ತಡೆದ ಆನೆಯನ್ನೂ, ಅವು ಒಂದೇ ಆಗಿದ್ದರೂ, ಬೇರೆ ಬೇರೆಯಾಗಿ ಪರಿಗಣಿಸಲಾಗುವುದು."