ಪ್ರಿಂಟರಿನ ಚುಕ್ಕಿ, ಒಂಬತ್ತು ತುಂಡು ಶುಂಠಿ

"ಚಹಾ ಕಾಸೂ ಕೈಗೆ ಮಶೀನು ಬರಂಗಿಲ್ಲ ಬೇ, ದೂರ ನಿಂದ್ರು."

ತಿಕೋಟಾದ ಒಂದು ಕೋಲ್ಡ್ ಸ್ಟೋರೇಜಿನ ಆಫೀಸಿನಲ್ಲಿ ಹೆಡ್ ಕ್ಲಾರ್ಕ್ ಸಾಹೇಬರು ನನಗೆ ಹೇಳಿದ ಮಾತಿದು. ಆಗ ನಾನು ಅಲ್ಲಿ ಕಸ ಹೊಡೆದು ಚಹಾ ಮಾಡುವ ಹೆಂಗಸು. ಪ್ರಿಂಟರಿನ ಮೇಲಿನ ಧೂಳು ಒರೆಸಲು ಹೋದದ್ದೇ ನನ್ನ ತಪ್ಪು. ಅಕ್ಷರ ಬರುತ್ತಿರಲಿಲ್ಲ. ಅದೇ ಪ್ರಿಂಟರು ಕೆಡಿಸಿ ಎಸೆದ ಹಾಳೆಗಳನ್ನು ಮನೆಗೆ ಒಯ್ದು, ಒಂದೊಂದೇ ಅಕ್ಷರ ಕೂಡಿಸಿ ಓದಲು ಕಲಿತೆ. ನಾನು ಮೊಟ್ಟಮೊದಲು ಓದಿ ಮುಗಿಸಿದ ಕೃತಿ, "ಒಣದ್ರಾಕ್ಷಿ, ತಂಪು ಜಾಗದಲ್ಲಿ ಇಡಿ". ಕಾದಂಬರಿಗಳೆಲ್ಲ ಆಮೇಲೆ ಬಂದವು.

ಆ ಆಫೀಸು ಮುಚ್ಚಿದಾಗ ಪ್ರಿಂಟರನ್ನು ನಾನೇ ಕೊಂಡು, ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿ ಇಟ್ಟೆ. ಯಂತ್ರದ ಜೊತೆ ಬಾಳುವವರಿಗೆ ನಗುವಿನ ಬರವಿಲ್ಲ, ವಾರಕ್ಕೊಂದು ಏನಾದರೂ ಆಗುತ್ತಲೇ ಇರುತ್ತದೆ. ಆದರೆ ಮೂರು ಹಾಳೆಗೊಮ್ಮೆ ಕೆಮ್ಮಿ ಕಾಗದ ಹರಿಯತೊಡಗಿದ ಆ ಮುದಿ ಪ್ರಿಂಟರಿನ ಜಾಗಕ್ಕೆ ಹೊಸದು ತಂದಾಗ ಆದದ್ದಕ್ಕೆ ಅದೊಂದೇ ಸಾಟಿ.

ಯಜಮಾನರು

ಹೊಸ ಪ್ರಿಂಟರಿನ ಜೊತೆ ವಿಜಯಪುರದಿಂದ ಮೆಕ್ಯಾನಿಕ್ ಬಂದ. ಅಂಗಡಿಯಲ್ಲಿ ನಾನಿದ್ದೆ, ಬೆಂಚಿನ ಮೇಲೆ ರುಮಾಲು ಸುತ್ತಿದ ಮುದುಕರೊಬ್ಬರು ಕೂತಿದ್ದರು. ಆತ ನನ್ನ ಕಡೆ ನೋಡದೆ ಸೀದಾ ಅವರ ಮುಂದೆ ನಿಂತು, ಟ್ರೇ ಹೇಗೆ ಎಳೆಯಬೇಕು, ಟೋನರ್ ಹೇಗೆ ಅಲುಗಿಸಬೇಕು, ಕಾಗದ ಸಿಕ್ಕಿಕೊಂಡರೆ ಯಾವ ಮುಚ್ಚಳ ತೆಗೆಯಬೇಕು ಎಂದು ಅರ್ಧ ತಾಸು ಪಾಠ ಮಾಡಿದ. ಮುದುಕರು ಮರ್ಯಾದೆಯಿಂದ ತಲೆ ಆಡಿಸಿದರು. ನಾನು ತಡೆಯಲಿಲ್ಲ. ಪಕ್ಕದಲ್ಲಿ ನಿಂತು ಎಲ್ಲವನ್ನೂ ವಹಿಯಲ್ಲಿ ಬರೆದುಕೊಂಡೆ.

ಕೊನೆಗೆ ಹಳೇ ಸೆಟ್ಟಿಂಗುಗಳ ಮಾತು ಬಂತು. ಯಾವ ದ್ರಾಕ್ಷಿ ವ್ಯಾಪಾರಿಯ ಡಬ್ಬಿಗೆ ಎಷ್ಟು ಅಗಲದ ಲೇಬಲ್ಲು, ಹೆಸರು ಎಲ್ಲಿ, ತೂಕ ಎಲ್ಲಿ ಎಂಬುದೆಲ್ಲ ಹಳೇ ಪ್ರಿಂಟರಿನ ಹೊಟ್ಟೆಯಲ್ಲಿತ್ತು. ಅದನ್ನು ತೆಗೆದು ಹೊಸದಕ್ಕೆ ಹಾಕಲು ನಾಲ್ಕು ಅಂಕಿಯ ಪಾಸ್‌ವರ್ಡ್ ಬೇಕಂತೆ.

"ಯಜಮಾನ್ರ, ಪಾಸ್‌ವರ್ಡ್ ಹೇಳ್ರಿ. ಹತ್ತು ನಿಮಿಷದ ಕೆಲಸ," ಎಂದ.

ಮುದುಕರು ಬಗಲಿನ ಚೀಲ ತಡಕಿ ಆಧಾರ ಕಾರ್ಡು ತೆಗೆದು ಅವನ ಕೈಗಿಟ್ಟರು. "ಮದಲ ಇದರದ್ದು ಎರಡು ಝೆರಾಕ್ಸ್ ತಗಿಯಪ್ಪ. ಮುಂಜಾನಿಂದ ಅದಕ್ಕ ಕುಂತೇನಿ."

ಚುಕ್ಕಿ

ಪಾಸ್‌ವರ್ಡ್ ಇಟ್ಟವರು ಅದೇ ಹೆಡ್ ಕ್ಲಾರ್ಕ್ ಸಾಹೇಬರು. ಈಗ ನಿವೃತ್ತರಾಗಿ ತೊರವಿಯಲ್ಲಿದ್ದಾರೆ. ಅವರ ಬಾಗಿಲಲ್ಲಿ ನಿಲ್ಲುವುದಿಲ್ಲವೆಂದು ಆಫೀಸು ಬಿಟ್ಟ ದಿನವೇ ನಾನು ಆಣೆ ಮಾಡಿದ್ದೆ. ಅಳತೆಗೆ ಪಾಸ್‌ವರ್ಡ್ ಯಾಕೆ, ಫೂಟುಪಟ್ಟಿ ಇಲ್ಲವೇ ಎಂದು ಹಳೇ ಲೇಬಲ್ಲುಗಳನ್ನು ಅಳೆದು, ಹೊಸ ಯಂತ್ರಕ್ಕೆ ಕೈಯಾರೆ ಹೇಳಿಕೊಟ್ಟೆ.

ಅದು ಹಾಕಿದ ಮೊದಲ ಲೇಬಲ್ಲುಗಳು ಬಬಲೇಶ್ವರದ ವ್ಯಾಪಾರಿಯವು. ನನ್ನ ಅಂಗಡಿಯ ಅರ್ಧ ಕೆಲಸ ಅವರದೇ. ಅಂದೇ ಸಂಜೆಗೆ ಒಂದು ಡಬ್ಬಿ ಹಿಡಿದುಕೊಂಡು ವಾಪಸ್ ಬಂದರು. ಲೇಬಲ್ಲು ಕೆಳಗೆ ಸರಿದು ಅವರ ಹೆಸರು ಡಬ್ಬಿಯ ಮಡಿಕೆಯಲ್ಲಿ ಸಿಕ್ಕಿತ್ತು.

"ನನ್ನ ಹೆಸರು ಅರ್ಧ ಮ್ಯಾಲ, ಅರ್ಧ ತಳಗ. ಮನಷಾ ಇದ್ದಾನೋ ಹೋಗ್ಯಾನೋ ಅಂತ ಮಂದಿ ಕೇಳತಾರ," ಎಂದರು. ಆಮೇಲೆ ಮೂಲೆಗೆ ಬೆರಳಿಟ್ಟು, "ಅದಿರಲಿ, ಚುಕ್ಕಿ ಎಲ್ಲೈತಿ?" ಎಂದು ಕೇಳಿದರು.

ಹಳೇ ಪ್ರಿಂಟರಿನ ಒಳಗೆ ತಿರುಗುವ ಡ್ರಮ್ಮಿನ ಮೇಲೆ ಒಂದು ಗೀರಿತ್ತು. ಅದರಿಂದ ಪ್ರತಿ ಲೇಬಲ್ಲಿನ ಮೂಲೆಯಲ್ಲೂ ಒಂದು ಕರೀ ಚುಕ್ಕಿ ಬೀಳುತ್ತಿತ್ತು. ಯಾರಾದರೂ ತಕರಾರು ಮಾಡಿಯಾರೆಂದು ನಾನು ವರ್ಷಗಟ್ಟಲೆ ಅಂಜಿದ್ದೆ. ಮಾರುಕಟ್ಟೆಯಲ್ಲಿ ನೋಡಿದರೆ ಚುಕ್ಕಿ ಇದ್ದರೆ ಅಸಲಿ, ಇಲ್ಲದಿದ್ದರೆ ನಕಲಿ ಎಂದು ಹಮಾಲರಿಂದ ಹಿಡಿದು ಕೊಳ್ಳುವವರ ತನಕ ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು.

ಕಂಪ್ಯೂಟರಿನಲ್ಲಿ ಚುಕ್ಕಿ ಬರೆದು ತೋರಿಸಿದೆ. ಭಾಳ ದುಂಡಗೈತಿ, ಖೋಟಾ ಅನಿಸತೈತಿ ಎಂದರು. ಒಂದು ಬದಿ ಚಿವುಟಿದೆ, ಆಗ ಒಪ್ಪಿದರು. ಬಂದ ದಿನವೇ ಹೊಸ ಯಂತ್ರಕ್ಕೆ ಹಳೇ ಯಂತ್ರದ ರೋಗ ಹಚ್ಚಿದ್ದಾಯಿತು.

ಆದರೆ ಎಷ್ಟು ಸಲ ಅಳೆದು ಹಾಕಿದರೂ ಹೆಸರು ಮಾತ್ರ ಮಡಿಕೆ ಬಿಟ್ಟು ಮೇಲೇಳಲಿಲ್ಲ. ಹೋಗುವಾಗ ವ್ಯಾಪಾರಿ ಮೆಲ್ಲಗೆ ಹೇಳಿದರು: "ನಾಳೆ ಸಂಜಿಗೆ ಗಾಡಿ ತುಂಬತೈತ್ರಿ ಅಕ್ಕಾರ. ಅಷ್ಟರಾಗ ಮದಲಿನಂಗ ಬರಲಿಲ್ಲಂದ್ರ ವಿಜಾಪುರದ ಪ್ರೆಸ್ಸಿಗೆ ಹೋಗತೇನಿ. ಮತ್ತ ಈ ಕಡಿ ಬರಂಗಿಲ್ಲ."

ಒಂಬತ್ತು ತುಂಡು ಶುಂಠಿ

ಹೆಂಗಸರಿಗೆ ತೊರವಿಯ ಬಸ್ಸು ಪುಕ್ಕಟೆ. ಇಳಿಯುವುದೇ ತುಟ್ಟಿ. ಮರುದಿನ ಮುಂಜಾನೆ ಇಳಿದೆ.

ಸಾಹೇಬರು ಕಟ್ಟೆಯ ಮೇಲೆ ಪೇಪರು ಓದುತ್ತಿದ್ದರು. ನನ್ನನ್ನು ಕಂಡು ಕನ್ನಡಕ ಏರಿಸಿ, ಅಂಗಡಿ ಇಟ್ಟೀಯಂತ, ಓದಾಕೂ ಕಲತೀಯಂತ ಎಂದು ವಿಚಾರಿಸಿದರು. ಹೂಂ ಎಂದೆ, ಬಂದ ಕೆಲಸ ಹೇಳಿದೆ. ಅವರು ಬಹಳ ಹೊತ್ತು ಆ ಸುಖ ಸವಿದರು. ಆಮೇಲೆ ಮುಖ ಸಪ್ಪಗಾಯಿತು. ಪಾಸ್‌ವರ್ಡು ಅವರಿಗೆ ನೆನಪಿರಲಿಲ್ಲ.

"ಮರಿತೇನಂತನ ಗ್ವಾಡಿ ಮ್ಯಾಲ ಬರದಿಟ್ಟಿದ್ದೆ. ಈಗ ಆ ಕಟ್ಟಡನ ಕೆಡವ್ಯಾರ."

ಯಾವ ಗೋಡೆ ಎಂದು ಕೇಳಿದೆ.

"ನಿನ್ನ ಚಹಾದ ಒಲಿ ಮ್ಯಾಲಿನ ಗ್ವಾಡಿ. ಆ ಕಡಿ ನಿನ್ನ ಬಿಟ್ಟು ಯಾರೂ ಬರತಿದ್ದಿಲ್ಲ. ನಿನಗರ ಓದಾಕ ಬರತಿದ್ದಿಲ್ಲ. ಅದಕ್ಕಿಂತ ಭದ್ರ ಜಾಗ ಎಲ್ಲಿ ಸಿಗಬೇಕು? ಮತ್ತ ಯಾರಾರ ನೋಡಿದ್ರೂ ತಿಳಿಬಾರದಂತ ಕಿರಾಣಿ ಚೀಟಿ ಹಂಗ ಬರದಿದ್ದೆ."

ನನ್ನ ಬಾಯಿ ತಾನಾಗಿ ಆಡಿತು: "ಹಾಲು ಎರಡು, ಸಕ್ಕರಿ ಒಂದು, ಚಾಪುಡಿ ಆರು, ಶುಂಠಿ ಒಂಬತ್ತು."

ಸಾಹೇಬರು ಪೇಪರು ಮಡಚಿ ಪಕ್ಕಕ್ಕಿಟ್ಟರು.

ಓದು ಬಂದ ಹೊಸತರಲ್ಲಿ ಆ ಸಾಲು ನನ್ನ ಕಣ್ಣಿಗೆ ಬಿದ್ದಿತ್ತು. ಸಾಹೇಬರ ಅಕ್ಷರ, ಒಲೆಯ ಮೇಲೆ ಬರೆದಿದ್ದಾರೆ ಎಂದರೆ ಚಹಾ ಹೀಗೇ ಆಗಬೇಕೆಂಬ ಅಪ್ಪಣೆಯೇ ಸರಿ ಎಂದುಕೊಂಡೆ. ಕೇಳಿ ತಿಳಿದುಕೊಳ್ಳುವುದು ನನ್ನ ಜಾಯಮಾನವಲ್ಲ. ಅಂದಿನಿಂದ ಆಫೀಸಿನ ಆರು ಜನಕ್ಕೆ ಎರಡು ಲೋಟ ಹಾಲು, ಒಂದೇ ಚಮಚ ಸಕ್ಕರೆ, ಆರು ಚಮಚ ಪುಡಿ, ಒಂಬತ್ತು ತುಂಡು ಶುಂಠಿ. ಒಂದು ದಿನವೂ ತಪ್ಪಿಸದೆ ನಾಲ್ಕು ವರ್ಷ ಪಾಸ್‌ವರ್ಡನ್ನೇ ಕುದಿಸಿ ಕುಡಿಸಿದ್ದೆ.

"ನಾ ಅಂದ ಮಾತಿಗೆ ಸೇಡು ತೀರಿಸಾಕತ್ತೀ ಅಂತ ತಿಳಕೊಂಡಿದ್ದೆ," ಎಂದರು ಸಾಹೇಬರು, ಗಂಟಲು ಸವರಿಕೊಳ್ಳುತ್ತ. "ಒಲ್ಲೆ ಅಂದ್ರ ನಾ ಸೋತಂಗ. ಅದಕ್ಕ ಸುಮ್ನ ಕುಡಿದೆ. ಆದ್ರ ಖರೇ ಹೇಳತೇನಿ, ನಾಲ್ಕು ವರ್ಷ ಆಫೀಸಿನ್ಯಾಗ ಒಬ್ಬರಿಗೂ ನೆಗಡಿ ಬರಲಿಲ್ಲ."

ಒಳಗಿನಿಂದ ಅವರ ಮನೆಯವರು, ಬಂದವರಿಗೆ ಚಹಾ ಇಡಲೇನು ಎಂದು ಕೇಳಿದರು. ಇಬ್ಬರೂ ಒಟ್ಟಿಗೇ ಬ್ಯಾಡ ಎಂದೆವು.

ಅಂಗಡಿಗೆ ಬಂದು ಎರಡು, ಒಂದು, ಆರು, ಒಂಬತ್ತು ಒತ್ತಿದೆ. ಹಳೇ ಪ್ರಿಂಟರಿನ ಹೊಟ್ಟೆ ಬಿಚ್ಚಿತು. ಮೆಕ್ಯಾನಿಕ್ ಹೇಳಿದ ಹಾಗೆ ಹತ್ತೇ ನಿಮಿಷ. ಸಂಜೆಗೆ ಬಬಲೇಶ್ವರದವರ ಹೆಸರು ಡಬ್ಬಿಯ ಮೇಲೆ ಸೊಂಟ ನೆಟ್ಟಗೆ ಮಾಡಿ ಕೂತಿತ್ತು, ಮೂಲೆಯಲ್ಲಿ ಚುಕ್ಕಿಯೂ ಇತ್ತು, ಗಾಡಿ ತುಂಬಿತು.

ಈಗ ನನ್ನ ಹತ್ತಿರ ಸ್ವಂತದ್ದೊಂದು ಅಂಗಡಿ ಇದೆ, ಎರಡು ಪ್ರಿಂಟರುಗಳಿವೆ, ಮಾರುಕಟ್ಟೆ ನಂಬುವ ಒಂದು ಚುಕ್ಕಿ ಇದೆ. ಇದಕ್ಕೆಲ್ಲ ಬಿದ್ದ ಬೆಲೆ, ನನ್ನದೊಂದು ಆಣೆ ಮತ್ತು ಆರು ಜನರ ಗಂಟಲು.