ವಿಸೂತ್ ಬರೆಸಿದ ಎರಡನೆಯ ಕರಾರು

ಲಕೋಟೆಯ ಅಂಟು ಬಿಟ್ಟುಕೊಳ್ಳದೆ ಇದ್ದಿದ್ದರೆ ವಿಸೂತ್‌ನ ಆ ಮಂಗಳವಾರ ಉಳಿದ ಮಂಗಳವಾರಗಳ ಹಾಗೆಯೇ ಕಳೆದುಹೋಗುತ್ತಿತ್ತು.

ತ್ರಾಂಗ್ ಪೇಟೆಯಲ್ಲಿ ಕಪ್ಪೆ ಮೂತಿಯ ಮೂರು ಚಕ್ರದ ಗಾಡಿ ಓಡಿಸುವ ವಿಸೂತ್ ಮನೆಯಲ್ಲಿ ಸಿಗುವುದಕ್ಕಿಂತ ನಿಯೋಮ್ ಅಕ್ಕನ ಕಾಫಿ ಅಂಗಡಿಯಲ್ಲಿ ಸಿಗುವುದೇ ಹೆಚ್ಚು. ಅಂಚೆಯವನಿಗೂ ಅದು ಗೊತ್ತು. ಅವನು ಆ ಲಕೋಟೆಯನ್ನು ತಂದು ಬನ್ನು ಬೇಯಿಸುವ ಪಾತ್ರೆಯ ಪಕ್ಕದಲ್ಲಿಟ್ಟು ಹೋದ. ಹಬೆಗೆ ಅಂಟು ಬಿಟ್ಟಿತು. ತಾನಾಗಿ ಬಾಯಿ ತೆರೆದ ಕಾಗದವನ್ನು ಓದದೆ ಬಿಡುವುದು ಕಾಗದಕ್ಕೆ ಮಾಡುವ ಅವಮಾನ ಎಂದು ನಿಯೋಮ್ ಅಕ್ಕನ ನಂಬಿಕೆ. ಹಾಗಾಗಿ ಬೆಳಿಗ್ಗೆ ಏಳಕ್ಕೆ ವಿಸೂತ್ ಗಾಡಿ ನಿಲ್ಲಿಸಿ ಒಳಗೆ ಬರುವ ಹೊತ್ತಿಗೆ ಅಂಗಡಿಯ ಆರೂ ಮೇಜುಗಳು ಆ ಕಾಗದವನ್ನು ಓದಿ ಮುಗಿಸಿದ್ದವು.

"ನಲವತ್ಮೂರು ಸಾವಿರದ ಮುನ್ನೂರು ಬಾತ್ ದುಡ್ಡು ಕಣೋ!" ಎಂದು ನಿಯೋಮ್ ಅಕ್ಕ ಕಾಫಿಗೆ ಮೊದಲು ಮೊತ್ತವನ್ನೇ ಬಡಿಸಿದಳು.

"ಯಾರಿಗೆ ಬಂತಕ್ಕಾ? ಲಾಟರಿನಾ?"

"ನಿಂಗೇ. ಬಂದಿಲ್ಲ, ನೀನು ಕೊಡ್ಬೇಕಾಗಿರೋದು."

ಕ್ರೆಡಿಟ್ ಕಾರ್ಡಿನ ಬಾಕಿಗೆ ಬ್ಯಾಂಕು ಕಳಿಸಿದ ಕೊನೆಯ ಎಚ್ಚರಿಕೆಯ ಕಾಗದ ಅದು. ಅದರಲ್ಲಿದ್ದ ಹೆಸರು ಒರತೈಳದು. ಒರತೈ ಅವನ ಮಾಜಿ ಹೆಂಡತಿ. ಆಸ್ಪತ್ರೆಯ ಹಣ ಕಟ್ಟುವ ಕಿಟಕಿಯಲ್ಲಿ ಗುಮಾಸ್ತೆ. ಕಾಗದಕ್ಕೆ ಅವಳು ಹಳದಿ ಚೀಟಿಯೊಂದನ್ನು ಅಂಟಿಸಿ ಕಳಿಸಿದ್ದಳು: 'ಕರಾರಿನ ಪ್ರಕಾರ ಇದು ನಿಂದು. ವಿವರ ನನ್ನ ಹತ್ರ ಇದೆ, ಬಂದು ನೋಡು.'

ವಿಸೂತ್‌ನ ಮುಖ ಪಾತ್ರೆಯೊಳಗಿನ ಬನ್ನಿನ ಹಾಗೆ ನಿಧಾನವಾಗಿ ಊದಿಕೊಂಡಿತು. "ನೋಡೋದೇನಿದೆ? ಮುಖಕ್ಕೆ ಹಚ್ಕೊಳ್ಳೋ ಕ್ರೀಮು, ಕೊರಿಯಾ ಪ್ರವಾಸ, ಚೀಲದ ಮೇಲೆ ಚೀಲ. ಅವಳು ಮಜಾ ಮಾಡೋದು, ನಾನು ಕಟ್ಟೋದು!"

"ಕೊರಿಯಾಕ್ಕೆ ಹೋಗಿದ್ಲಾ?" ಎಂದು ಮೂಲೆಯ ಮೇಜು ಕೇಳಿತು.

"ಹೋಗಿರ್ತಾಳೆ," ಎಂದಳು ನಿಯೋಮ್ ಅಕ್ಕ. ಅಲ್ಲಿಗೆ ಒರತೈ ಹೋಗಿಬಂದಂತೆಯೇ ಆಯಿತು. ಹುರಿದ ಹಂದಿಮಾಂಸದ ತಟ್ಟೆ ಖಾಲಿಯಾಗುವಷ್ಟರಲ್ಲಿ ಅವಳ ಜೊತೆ ಹೋದವನು ಯಾರು ಎಂಬ ಚರ್ಚೆಯೂ ಶುರುವಾಗಿತ್ತು.

ಗೋಡೆ ಪಕ್ಕದಲ್ಲಿ ಕೂತಿದ್ದ ನಿವೃತ್ತ ಚರೂನ್ ಮೇಷ್ಟ್ರು ಮಾತ್ರ ತಲೆ ಎತ್ತಲಿಲ್ಲ. ಆ ಕರಾರನ್ನು ಬರೆದವರು ಅವರೇ. ಎರಡು ವರ್ಷ ಮೂರು ತಿಂಗಳ ಹಿಂದೆ ಗಂಡ ಹೆಂಡತಿ ಇಬ್ಬರೂ ಒಪ್ಪಿ ತಾಲ್ಲೂಕು ಕಚೇರಿಯಲ್ಲಿ ವಿಚ್ಛೇದನ ಬರೆಸಿದ ದಿನ ಒರತೈಳ ಕಾರ್ಡಿನ ಮೇಲೆ ಫ್ರಿಜ್ಜಿನ ಒಂಬತ್ತು ಸಾವಿರ ಬಾಕಿ ಇತ್ತು. ಗಾಡಿ ಓಡಿಸುವವನಿಗೆ ಯಾವ ಬ್ಯಾಂಕೂ ಕಾರ್ಡು ಕೊಡುವುದಿಲ್ಲವಾದ್ದರಿಂದ ಮನೆಗೆಲ್ಲ ಇದ್ದದ್ದು ಸಂಬಳದವಳ ಹೆಸರಿನ ಅದೊಂದೇ ಕಾರ್ಡು. ಒರತೈಳ ಅಣ್ಣ ಎದುರಿಗೆ ನಿಂತು ದುರುಗುಟ್ಟಿ ನೋಡುತ್ತಿದ್ದ. ವಿಸೂತ್ ಎದೆಯುಬ್ಬಿಸಿ, "ಆ ಕಾರ್ಡಿನ ಸಾಲ ನಂದು. ಬರ್ಕೊಳ್ಳಿ ಮೇಷ್ಟ್ರೇ!" ಎಂದಿದ್ದ. ಮೇಷ್ಟ್ರು ತಮ್ಮ ದುಂಡು ಅಕ್ಷರದಲ್ಲಿ, 'ಸದರಿ ಕಾರ್ಡು ಚಾಲ್ತಿಯಲ್ಲಿರುವಷ್ಟು ಕಾಲವೂ ಅದರ ಸಾಲಕ್ಕೆ ವಿಸೂತನೇ ಸಂಪೂರ್ಣ ಹೊಣೆ' ಎಂದು ಬರೆದಿದ್ದರು. ಫ್ರಿಜ್ಜಿನ ಸಾಲ ನಾಲ್ಕು ತಿಂಗಳಲ್ಲಿ ತೀರಿತು. ವಾಕ್ಯ ಮಾತ್ರ ಚಾಲ್ತಿಯಲ್ಲೇ ಉಳಿಯಿತು.

"ಮೇಷ್ಟ್ರೇ, 'ಇರುವಷ್ಟು ಕಾಲವೂ' ಅಂತ ಯಾಕೆ ಬರೆದ್ರಿ?"

"ವಾಕ್ಯ ತೂಕವಾಗಿರ್ಲಿ ಅಂತ," ಎಂದರು ಮೇಷ್ಟ್ರು. "ನೀನೇ ಓದಿ ತಲೆದೂಗಿದೆಯಲ್ಲಪ್ಪ."

ವಿಸೂತ್ ನೇರವಾಗಿ ಬ್ಯಾಂಕಿಗೆ ಹೋದ. ಕೌಂಟರಿನ ಹುಡುಗಿ ಕೈಮುಗಿದು, ಕಾಗದ ನೋಡಿ, ಮುಗುಳ್ನಕ್ಕಳು. "ಕಾರ್ಡು ನಿಮ್ಮ ಹೆಸರಲ್ಲಿಲ್ಲ ಅಣ್ಣಾ. ಲೆಕ್ಕ ತೋರಿಸೋಕಾಗಲ್ಲ."

"ಹಾಗಾದ್ರೆ ನಾನು ಕೊಡ್ಬೇಕಾಗಿಲ್ಲ ತಾನೇ?"

"ನಮಗೆ ನೀವು ಏನೂ ಕೊಡ್ಬೇಕಾಗಿಲ್ಲ. ನಾವು ಕೇಳೋದು ಅವರನ್ನ. ಅವರು ಕರಾರು ಹಿಡ್ಕೊಂಡು ಕೋರ್ಟಲ್ಲಿ ನಿಮ್ಮನ್ನ ಕೇಳ್ತಾರೆ. ಅದು ನಿಮ್ಮಿಬ್ಬರ ವಿಷಯ." ಅವಳು ಮತ್ತೆ ನಕ್ಕಳು. "ಲೆಕ್ಕ ತೋರಿಸೋಕಾಗಲ್ಲ ಅಷ್ಟೇ, ದುಡ್ಡು ಕಟ್ಟಿಸ್ಕೊಳ್ಳೋಕೆ ಆಗತ್ತೆ. ಇವತ್ತು ಎರಡು ಸಾವಿರ ಕಟ್ಟಿದ್ರೆ ಈ ತಿಂಗಳು ಕೇಸು ಹಾಕಲ್ಲ."

ಕೋರ್ಟು, ಕೇಸು ಎಂಬ ಎರಡು ಮಾತು ಒಟ್ಟಿಗೆ ಕಿವಿಗೆ ಬಿದ್ದದ್ದರಿಂದ ವಿಸೂತ್‌ನ ಕೈ ತಾನಾಗಿ ಜೇಬಿಗೆ ಹೋಯಿತು. ಗಾಡಿಯ ಹೊಸ ಟಯರಿಗೆಂದು ಇಟ್ಟಿದ್ದ ಎರಡು ಸಾವಿರ ಕೌಂಟರಿನ ಆಚೆಗೆ ಹೋಯಿತು. ರಸೀದಿ ಕೈಗೆ ಬಂದ ಮೇಲೆ ಅವನಿಗೆ ಸಿಟ್ಟು ಬಂತು.

ಆ ಸಿಟ್ಟು ಆರುವ ಮೊದಲೇ ಆಸ್ಪತ್ರೆ ತಲುಪಬೇಕೆಂದು ಗಾಡಿ ಓಡಿಸಿದ. ಆದರೆ ಹಣ ಕಟ್ಟುವ ಕಿಟಕಿಗೆ ಟೋಕನ್ ಇಲ್ಲದೆ ಬಿಡುವುದಿಲ್ಲ. ಅವನದು ನೂರ ಹದಿನಾಲ್ಕನೆಯದು, ಕರೆಯುತ್ತಿದ್ದದ್ದು ಎಪ್ಪತ್ತೊಂಬತ್ತು. ಐವತ್ತು ನಿಮಿಷ ಕೈಕಾಲು ಮುರಿದವರ ನಡುವೆ ಕೂತು ಸಿಟ್ಟನ್ನು ಬಿಸಿಯಾಗಿ ಇಟ್ಟುಕೊಳ್ಳುವುದು ಸುಲಭವಲ್ಲ. ಪಕ್ಕದ ಮುದುಕ ಏನು ಕಾಯಿಲೆ ಎಂದು ಕೇಳಿದ. "ಮಾಜಿ ಹೆಂಡ್ತಿ," ಎಂದ ವಿಸೂತ್. ಮುದುಕ ಮರುಕದಿಂದ ತನ್ನ ಕಿತ್ತಳೆಯಲ್ಲಿ ಅರ್ಧ ಕೊಟ್ಟ.

"ನೂರ ಹದಿನಾಲ್ಕು," ಎಂದು ಕರೆದ ಒರತೈ ತಲೆ ಎತ್ತಿದಳು. "ಓ. ಬಂದ್ಯಾ? ವಿವರ ಇಲ್ಲೇ ಇದೆ, ನೋಡ್ತೀಯಾ?"

"ನಿನ್ನ ವಿವರ ನಂಗೆ ಬೇಡ! ಕೊರಿಯಾ ಚೆನ್ನಾಗಿತ್ತಾ?"

"ಯಾವ ಕೊರಿಯಾ?"

"ಊರಿಗೆಲ್ಲ ಗೊತ್ತು!"

ಒರತೈ ಹಾಳೆಗಳ ಕಟ್ಟೊಂದನ್ನು ಕಿಟಕಿಯತ್ತ ತಳ್ಳಿದಳು. ಹನ್ನೊಂದು ವರ್ಷ ಸಂಸಾರ ಮಾಡಿದವಳಿಗೆ ಯಾವ ಸಿಟ್ಟು ಎಷ್ಟು ಹೊತ್ತು ಉರಿಯುತ್ತದೆ ಎಂಬ ಅಂದಾಜಿತ್ತು. "ಮೊದಲು ಈ ಹಾಳೆಗಳನ್ನ ನೋಡು. ಆಮೇಲೆ ಕೂಗಾಡು."

"ಹಾಳೆ ಮಾತು ಬಿಡು. ಇವತ್ತೇ ತಾಲ್ಲೂಕು ಕಚೇರಿಗೆ ಬಾ. ಆ ಕರಾರು ರದ್ದಾಗ್ಬೇಕು. ಹೊಸದು ಬರೆಸೋಣ. ನ್ಯಾಯ ಅಂದ್ರೆ ನ್ಯಾಯ!"

"ಹೊಸ ಕರಾರಾ? ಬೇಡ ವಿಸೂತ್. ಹಳೇದೇ ನಿಂಗೆ ಒಳ್ಳೇದು."

"ಹೆದರಿದ್ಯಾ?"

ಹಿಂದಿದ್ದ ನೂರ ಹದಿನೈದನೆಯವಳು, "ಹೋಗಮ್ಮ, ಹೆದರ್ಬೇಡ. ನಾವಿದ್ದೀವಿ," ಎಂದಳು. ಒರತೈ ನಿಟ್ಟುಸಿರು ಬಿಟ್ಟು ಗಡಿಯಾರ ನೋಡಿದಳು. "ಎರಡು ಗಂಟೆಗೆ ಬರ್ತೀನಿ. ಬೇರೆ ಏನೂ ಕಟ್ಟೋದಿಲ್ಲ ಅಂದ್ರೆ ಜಾಗ ಬಿಡು."

ಕರಾರಿಗೆ ಇಬ್ಬರು ಸಾಕ್ಷಿಗಳು ಬೇಕು. ವಿಸೂತ್ ಕಾಫಿ ಅಂಗಡಿಗೆ ಹೋಗಿ ಕೇಳುವ ಮೊದಲೇ ನಿಯೋಮ್ ಅಕ್ಕ ಒಲೆ ಆರಿಸಿ, ತುಟಿಗೆ ಬಣ್ಣ ಹಚ್ಚಿಕೊಂಡು ತಯಾರಾಗಿದ್ದಳು. ಮೇಷ್ಟ್ರು ತಮ್ಮ ವಾಕ್ಯವನ್ನು ಸಮರ್ಥಿಸಿಕೊಳ್ಳಲು ಹೊರಟರು. ಕಪ್ಪೆ ಮೂತಿಯ ಗಾಡಿ ಮೂವರನ್ನೂ ಹೊತ್ತು ಕಚೇರಿಯ ಏರಿನವರೆಗೆ ಬಂದು, ಅಲ್ಲಿ ಗ್ಯಾಸು ಮುಗಿದು ಕೂತುಬಿಟ್ಟಿತು. ಮೇಷ್ಟ್ರು ಒಂದು ಕಡೆ, ನಿಯೋಮ್ ಅಕ್ಕ ಇನ್ನೊಂದು ಕಡೆ ತಳ್ಳುತ್ತಿರುವಾಗ ಒರತೈ ಸ್ಕೂಟರಿನಲ್ಲಿ ಪಕ್ಕಕ್ಕೆ ಬಂದಳು.

"ನಾನೂ ತಳ್ಳಲಾ?"

"ಬೇಡ!" ಎಂದ ವಿಸೂತ್, ಸ್ಟಿಯರಿಂಗು ಹಿಡಿದು ನೇರ ನೋಡುತ್ತ.

"ನಿನ್ನನ್ನ ಕೇಳ್ಲಿಲ್ಲಪ್ಪ, ಅವಳು ನಮ್ಮನ್ನ ಕೇಳಿದ್ದು," ಎಂದರು ಏದುಸಿರು ಬಿಡುತ್ತ ಮೇಷ್ಟ್ರು.

ರಾಜಿ ಕೊಠಡಿಯ ಪಿಂಪಾ ಮೇಡಂ ಮೇಜಿನ ಮೇಲೆ ಒಂದು ಗುಂಡುಪಿನ್ನೂ ಅಡ್ಡ ಬೀಳಲು ಬಿಡದ ಹೆಂಗಸು. ಹಳೆಯ ಕರಾರನ್ನು ಎರಡು ಸಲ ಓದಿದರು.

"ಇದರಲ್ಲಿ ಕೊನೆ ದಿನಾಂಕಾನೇ ಇಲ್ವಲ್ಲ. ಯಾರು ಬರೆದಿದ್ದು?"

ಮೇಷ್ಟ್ರು ಕಿಟಕಿಯಾಚೆಯ ತೆಂಗಿನಮರ ನೋಡಿದರು.

"ಇಬ್ಬರೂ ಒಪ್ಪಿದ್ರೆ ರದ್ದು ಮಾಡ್ಬಹುದು. ಅದರ ಬದಲು ಏನು ಬರೀಲಿ?"

ಈ ಸಲ ವಿಸೂತ್ ಯಾರನ್ನೂ ನಂಬಲಿಲ್ಲ. ಎದ್ದು ನಿಂತು ತಾನೇ ಹೇಳಿ ಬರೆಸಿದ. "ವಿಚ್ಛೇದನದ ದಿನದಿಂದ ಈಚೆಗೆ ಆ ಕಾರ್ಡಲ್ಲಿ ಯಾರ ಸಲುವಾಗಿ ಖರ್ಚಾಗಿದ್ಯೋ ಅವರೇ ಅದನ್ನ ತೀರಿಸ್ಬೇಕು. ಬಡ್ಡಿ ಸಮೇತ."

"ಅಷ್ಟೇನಾ?"

ಬೆಳಿಗ್ಗೆಯ ಎರಡು ಸಾವಿರ ನೆನಪಾಯಿತು. "ಇನ್ನೊಂದು. ಒಬ್ಬರ ಖರ್ಚನ್ನ ಇನ್ನೊಬ್ಬರು ಈಗಾಗ್ಲೇ ಕಟ್ಟಿದ್ರೆ ಅದನ್ನ ಪೂರ್ತಿ ವಾಪಸ್ ಕೊಡ್ಬೇಕು!"

"ಶಭಾಷ್!" ಎಂದಳು ನಿಯೋಮ್ ಅಕ್ಕ.

"ಆ ಎರಡನೇದು ಬೇಡ ವಿಸೂತ್," ಎಂದಳು ಒರತೈ ಮೆಲ್ಲಗೆ. "ಅದನ್ನ ನಾನು ಯಾವತ್ತೂ ಕೇಳಿಲ್ಲ."

"ನೀನ್ಯಾಕೆ ಕೇಳ್ತೀಯಾ? ಕೇಳೋನು ನಾನು! ಬರೀರಿ ಮೇಡಂ."

ಮೇಡಂ ಬರೆದರು. ವಿಸೂತ್ ಕಾಗದ ಹರಿಯುವ ಹಾಗೆ ಒತ್ತಿ ಸಹಿ ಮಾಡಿದ. ಒರತೈ ಆಸ್ಪತ್ರೆಯ ರಸೀದಿಗೆ ಹಾಕುವಷ್ಟೇ ಸಲೀಸಾಗಿ ಸಹಿ ಹಾಕಿದಳು. ಸಾಕ್ಷಿಗಳ ಸಹಿ ಬಿತ್ತು. ಮೊಹರು ಬಿತ್ತು. ವಿಸೂತ್ ಬೆಳಗಿನಿಂದ ಬಿಗಿ ಹಿಡಿದಿದ್ದ ಉಸಿರನ್ನು ಬಿಟ್ಟು ಕುರ್ಚಿಗೆ ಒರಗಿದ.

"ಈಗ ಲೆಕ್ಕ ಕೊಡಿ," ಎಂದರು ಪಿಂಪಾ ಮೇಡಂ.

ಒರತೈ ಚೀಲದಿಂದ ಇಪ್ಪತ್ತೇಳು ತಿಂಗಳ ಹಾಳೆಗಳನ್ನು ತೆಗೆದು ಮುಂದಿಟ್ಟಳು. ಮೇಡಂ ಕನ್ನಡಕ ಸರಿಮಾಡಿಕೊಂಡು ಮೊದಲನೆಯದನ್ನು ಓದಿದರು. "ಫೋನಿನ ಬಿಲ್ಲು, ನಾನೂರ ತೊಂಬತ್ತೊಂಬತ್ತು. ಕೊನೆಯ ಅಂಕಿ ಆರು ಎರಡು ಎಂಟು. ಯಾರದು?"

ವಿಸೂತ್ ಜೇಬಿನಲ್ಲಿದ್ದ ಫೋನನ್ನು ಬಟ್ಟೆಯ ಮೇಲಿನಿಂದಲೇ ಮುಚ್ಚಿಕೊಂಡ. "ನಂದು. ಆದ್ರೆ ಅದಕ್ಕೆ ಬಿಲ್ಲೇ ಬರಲ್ಲ ಮೇಡಂ. ಎರಡು ವರ್ಷದಿಂದ."

"ಯಾಕೆ ಬರಲ್ಲ ಅಂದ್ಕೊಂಡ್ರಿ?"

"ಕಂಪನಿಯವರು ಮರೆತಿರ್ಬೇಕು ಅಂತ. ಕೇಳಿದ್ರೆ ನೆನಪಾಗಿಬಿಡತ್ತೆ ಅಂತ ಸುಮ್ಮನಿದ್ದೆ."

"ಮನೆಯ ಇಂಟರ್ನೆಟ್ಟು, ಐನೂರ ತೊಂಬತ್ತೊಂಬತ್ತು. ಅದನ್ನೂ ಮರೆತಿದ್ರಾ?"

ವಿಸೂತ್ ಫೋನನ್ನು ಜೇಬಿನ ಇನ್ನಷ್ಟು ಒಳಕ್ಕೆ ತಳ್ಳಿದ.

"ಫುಟ್‌ಬಾಲ್ ಚಾನೆಲ್ಲು ಮುನ್ನೂರ ನಲವತ್ತೊಂಬತ್ತು. ಇದೇನಿದು, ದಿನಾ ಒಂಬತ್ತು ಬಾತ್... 'ಇಂದಿನ ಅದೃಷ್ಟ ಸಂಖ್ಯೆ'?"

"ಒಂದು ಸಲಾನೂ ಹತ್ತಿಲ್ಲ ಮೇಡಂ," ಎಂದ ವಿಸೂತ್, ಅದರಿಂದ ರಿಯಾಯಿತಿ ಸಿಗಬಹುದೆಂಬ ಆಸೆಯಲ್ಲಿ.

"ಆಸ್ಪತ್ರೆ ವಿಮೆ, ಸಾವಿರದ ನೂರೈವತ್ತು. ಹೆಸರು ಲಮಾಯ್, ವಯಸ್ಸು ಎಪ್ಪತ್ಮೂರು."

"ನಮ್ಮಮ್ಮ," ಎಂದ ವಿಸೂತ್.

"ಎಲ್ಲಾ ನಮ್ಮ ಮದುವೆ ಕಾಲದಲ್ಲಿ ಆ ಕಾರ್ಡಿಗೆ ಜೋಡಿಸಿದ್ದು," ಎಂದಳು ಒರತೈ. "ತಾನಾಗೇ ಹಿಡ್ಕೊಳ್ಳತ್ತೆ. ಕಾರ್ಡು ಮುಚ್ಚಿದ್ರೆ ಅತ್ತೆ ವಿಮೆ ನಿಂತುಹೋಗತ್ತೆ. ಈ ವಯಸ್ಸಲ್ಲಿ ಹೊಸದು ಯಾರು ಕೊಡ್ತಾರೆ? ನಾನು ದಿನಾ ಆ ಕಿಟಕಿಯಲ್ಲಿ ಕೂತು ನೋಡ್ತೀನಲ್ಲ. ಅದಕ್ಕೇ ನನ್ನ ಕೈಲಾದಷ್ಟು ಕಟ್ತಾ ಬಂದೆ. ಈಗ ಆಗ್ತಿಲ್ಲ. ನನ್ನ ಖರ್ಚಿಗೆ ನಂದು ಬೇರೆ ಕಾರ್ಡಿದೆ. ಇದನ್ನ ಮುಟ್ಟೇ ಇಲ್ಲ."

"ಮೊದಲೇ ಹೇಳೋದಲ್ವಾ?"

"ನಾನು ಹೇಳೋಕೆ ಫೋನ್ ಮಾಡಿದಾಗೆಲ್ಲ ನೀನು ಕಟ್ ಮಾಡ್ತಿದ್ದೆ. ಆ ಫೋನ್ ಬಿಲ್ಲೂ ನಾನೇ ಕಟ್ತಿದ್ದೆ."

"ಹಾಗಾದ್ರೆ ಕೊರಿಯಾ?" ಎಂದಳು ನಿಯೋಮ್ ಅಕ್ಕ ತೀರ ನಿರಾಸೆಯಿಂದ.

ಪಿಂಪಾ ಮೇಡಂ ವಿಸೂತ್ ಮುಂದಿಟ್ಟ ಬೆಳಗಿನ ರಸೀದಿಯನ್ನೂ ನೋಡಿ ಕ್ಯಾಲ್ಕುಲೇಟರು ಒತ್ತಿದರು. ಇಪ್ಪತ್ತೇಳು ತಿಂಗಳಲ್ಲಿ ಒರತೈ ತನ್ನ ಸಂಬಳದಿಂದ ಕಟ್ಟಿದ್ದು ನಲವತ್ತೊಂದು ಸಾವಿರ. ಹಳೆಯ ಕರಾರಿನ ಪ್ರಕಾರ ವಿಸೂತ್ ಬ್ಯಾಂಕಿನ ಬಾಕಿ ಕಟ್ಟಿದ್ದರೆ ಮುಗಿಯುತ್ತಿತ್ತು. "ಬೆಳಿಗ್ಗೆ ನೀವು ಕಟ್ಟಿದ್ದು ಕಳೆದು ಬ್ಯಾಂಕಿಗೆ ನಲವತ್ತೊಂದು ಸಾವಿರದ ಮುನ್ನೂರು. ಹೊಸ ಕರಾರಿನ ಎರಡನೇ ಷರತ್ತಿನ ಪ್ರಕಾರ ಇವರಿಗೆ ನಲವತ್ತೊಂದು ಸಾವಿರ. ಒಟ್ಟು ಎಂಬತ್ತೆರಡು ಸಾವಿರದ ಮುನ್ನೂರು. ನಿಮ್ಮದು ಅಂತ ವಾಪಸ್ ಬರೋದು ಏನೂ ಇಲ್ಲ."

"ಮೇಡಂ," ವಿಸೂತ್ ಹೊಸ ಕರಾರನ್ನು ಅವರತ್ತ ಸರಿಸಿದ. "ಈ ಕರಾರನ್ನ ರದ್ದು ಮಾಡಿ ಹಳೇದನ್ನೇ ಇಟ್ಕೊಂಡ್ರೆ?"

"ಆಗತ್ತೆ. ಇಬ್ಬರೂ ಒಪ್ಪಿದ್ರೆ."

ಎಲ್ಲರೂ ಒರತೈಳನ್ನು ನೋಡಿದರು. ಅವಳು ಹಾಳೆಗಳನ್ನು ಒಟ್ಟುಮಾಡಿ, ಅಂಚು ಸರಿಮಾಡಿ, ಚೀಲಕ್ಕೆ ಹಾಕಿದಳು.

"ಬೆಳಿಗ್ಗೆ ಕೇಳಿದ್ರೆ ಒಪ್ತಿದ್ದೆ. ನೀವೆಲ್ಲ ನನ್ನನ್ನ ಕೊರಿಯಾಕ್ಕೆ ಕಳಿಸೋಕೆ ಮುಂಚೆ." ಅವಳು ಎದ್ದಳು. "ನನ್ನ ದುಡ್ಡು ಒಂದೇ ಸಲ ಕೊಡ್ಬೇಡ, ನಿನ್ನ ಹತ್ರ ಎಲ್ಲಿದೆ? ನಾನು ನನ್ನ ಸ್ಕೂಟರ್ ಮಾರಿಬಿಡ್ತೀನಿ. ಬೆಳಿಗ್ಗೆ ಏಳೂವರೆಗೆ ಮನೆಯಿಂದ ಆಸ್ಪತ್ರೆಗೆ, ಸಂಜೆ ಐದಕ್ಕೆ ವಾಪಸ್ ಮನೆಗೆ ಬಿಡು. ಒಂದು ಸಲಕ್ಕೆ ಸಾಲದಲ್ಲಿ ನಲವತ್ತು ಬಾತ್ ಮುರ್ಕೋ."

ಚರೂನ್ ಮೇಷ್ಟ್ರಿಗೆ ಬೆಳಗಿನಿಂದ ಮೊದಲ ಸಲ ಜೀವ ಬಂತು. ಕಣ್ಣು ಮುಚ್ಚಿ ಭಾಗಿಸಿದರು. "ಸಾವಿರದ ಇಪ್ಪತ್ತೈದು ಸಲ. ಶೇಷ ಇಲ್ಲ!"

ಮದುವೆಯಾಗಿದ್ದ ಹನ್ನೊಂದು ವರ್ಷದಲ್ಲಿ ವಿಸೂತ್ ಅವಳನ್ನು ಗಾಡಿಯಲ್ಲಿ ಆಸ್ಪತ್ರೆಗೆ ಬಿಟ್ಟದ್ದು ಎಷ್ಟು ಸಲ ಎಂದು ಲೆಕ್ಕ ಹಾಕಲು ಒಂದು ಕೈಯ ಬೆರಳುಗಳು ಸಾಕಾಗುತ್ತಿದ್ದವು. ಅವನು ಪಿಂಪಾ ಮೇಡಂ ಕಡೆ ದೀನನಾಗಿ ನೋಡಿದ. ಅವರು ಆಗಲೇ ಹೊಸ ಹಾಳೆ ತೆಗೆದು, ಷರತ್ತು ಮೂರು ಎಂದು ಬರೆದು, ಕೆಳಗೆ ಗೆರೆ ಎಳೆದಿದ್ದರು.

"ಭಾನುವಾರ ರಜಾನಾ?" ಎಂದು ಕೇಳಿದರು ಮೇಡಂ.

"ನಂಗೆ ರಜ," ಎಂದಳು ಒರತೈ. "ಅತ್ತೆನ ನೋಡೋಕೆ ಬರ್ತೀನಿ. ಅದಕ್ಕೂ ಗಾಡಿ ಬೇಕು."