ಇಪ್ಪತ್ತೇಳೂವರೆ ಮುಚ್ಚಳ

ನೌಕರರ ಆರೋಗ್ಯ ನಿಯಮಾವಳಿಯ ನಲವತ್ತೊಂದನೇ ನಿಯಮದ ಪ್ರಕಾರ, ಕಾಯಿಲೆಯಿಂದ ಅಂಗವೊಂದನ್ನು ಕಳೆದುಕೊಂಡ ಪ್ರತಿಯೊಬ್ಬ ನೌಕರರಿಗೂ ಬದಲಿ ಅಂಗ ಪಡೆಯುವ ಹಕ್ಕಿದೆ. ಅದರ ಅಳತೆ ಎಷ್ಟಿರಬೇಕೆಂದು ಹೇಳುವ ಹಕ್ಕು ಮಾತ್ರ ಕಚೇರಿಯದು.

ಬಸ್ ಸಂಸ್ಥೆಯ ಸಮವಸ್ತ್ರ ವಿಭಾಗದ ಟೈಲರಮ್ಮನಿಗೆ ಈ ನಿಯಮದ ಮೊದಲ ಅರ್ಧ ಮಾತ್ರ ಗೊತ್ತಿತ್ತು. ಹನ್ನೊಂದು ವರ್ಷದಿಂದ ಅವಳು ಡ್ರೈವರುಗಳ ಎದೆಗೆ ಟೇಪು ಸುತ್ತಿದವಳು. ಈಗ ಟೇಪೂ ಬೇಕಿರಲಿಲ್ಲ. ಕಿಟಕಿಯಾಚೆ ಹೋಗುವವನನ್ನು ನೋಡಿಯೇ "ನಲವತ್ತೆರಡು, ಹೊಟ್ಟೆಯ ಲೆಕ್ಕ ಬೇರೆ" ಎನ್ನುತ್ತಿದ್ದಳು. ಹೋದ ವರ್ಷ ಗಡ್ಡೆ ಬಂದು ಅವಳ ಎಡಸ್ತನ ತೆಗೆದರು. ಕಾಯಿಲೆ ಹೋಯಿತು. ಆದರೆ ಮೈ ಬಲಕ್ಕೆ ವಾಲತೊಡಗಿತು, ಮೈಯ ಜೊತೆಗೆ ಹೊಲಿಗೆಯೂ ವಾಲಿತು. ಜೇಬುಗಳು ಓರೆಯಾಗಿ, ಕಂಡಕ್ಟರುಗಳ ಪೆನ್ನುಗಳು ದಾರಿಯುದ್ದಕ್ಕೂ ಉದುರಿದವು. ಇನ್ನೊಂದು ದೂರು ಬಂದರೆ ಮೆಷಿನ್ ಬಿಡಿಸಿ ಗುಂಡಿ ಹಚ್ಚುವ ಕೆಲಸಕ್ಕೆ ಹಾಕುತ್ತೇವೆಂದು ಮೆಮೊ ಬಂತು.

ಆಸ್ಪತ್ರೆಯ ಡಾಕ್ಟರಮ್ಮ, ಸಿಲಿಕಾನ್ ಮೆತ್ತೆ ಕೂರಿಸಿದರೆ ಮೈ ಸಮ ಆಗುತ್ತದೆ ಎಂದರು.

"ಯಾವ ಅಳತೆಯದು ಡಾಕ್ಟ್ರೇ?"

"ಅದನ್ನ ನೀವೇ ಹೇಳ್ಬೇಕು. ಬಟ್ಟೆ ಚೀಲದಲ್ಲಿ ಅಕ್ಕಿ ತುಂಬಿ, ಒಳಗಿಟ್ಕೊಂಡು ನಾಲ್ಕು ದಿನ ಮನೆಕೆಲಸ ಮಾಡಿ. ಯಾವ ಅಳತೆಗೆ ಅದು ಇರೋದೇ ಮರೆತುಹೋಗುತ್ತೋ ಅದು ನಿಮ್ಮದು. ಮುಂದಿನ ತಿಂಗಳು ಹತ್ತಕ್ಕೆ ನಿಮ್ಮ ಸರದಿ. ಅಷ್ಟರಲ್ಲಿ ಕಚೇರಿಯವರು ಮೆತ್ತೆ ಕಳಿಸ್ಲಿಲ್ಲ ಅಂದ್ರೆ, ಮತ್ತೆ ಸರದಿ ಬರೋದು ಮೂರು ವರ್ಷಕ್ಕೆ."

ಮನೆಯಲ್ಲಿ ಅಳೆಯುವ ಸಾಮಾನೆಂದರೆ ಮಗಳ ಜ್ವರದ ಔಷಧಿಯ ಮುಚ್ಚಳ, ಹತ್ತು ಎಂ.ಎಲ್.ನದು. ಇಪ್ಪತ್ತು ಮುಚ್ಚಳ ಅಕ್ಕಿ ಹಾಕಿದಾಗ ಹೊಲಿಗೆ ಇನ್ನೂ ಬಲಕ್ಕೇ ಓಡಿತು. ಮೂವತ್ತೈದು ಹಾಕಿದಾಗ ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ಕಣ್ಣು ಕಿರಿದು ಮಾಡಿದರು.

"ಮೂಗಿಗಿಂತ ಮೂಗುತಿ ಭಾರ ಆಯ್ತು ಕಣೇ, ಇಳಿಸು."

"ಎಷ್ಟು ಇಳಿಸ್ಲಿ ಅತ್ತೆ?"

"ನಾಳೆ ಸಾರಿಗೆ ಅನ್ನ ಕಮ್ಮಿ ಬೀಳದಷ್ಟು."

ಇಪ್ಪತ್ತೇಳೂವರೆ ಮುಚ್ಚಳಕ್ಕೆ ಹೊಲಿಗೆ ನೆಟ್ಟಗೆ ಹೋಯಿತು. ಎರಡು ವರ್ಷದ ಮಗಳು ಎಡಗಡೆ ತಲೆಯಿಟ್ಟು, ಒಮ್ಮೆಯೂ ಮಗ್ಗುಲಾಗದೆ, ಮಧ್ಯಾಹ್ನವಿಡೀ ನಿದ್ದೆ ಮಾಡಿದಳು. ಟೈಲರಮ್ಮ ಅರ್ಜಿಯಲ್ಲಿ ದುಂಡಗೆ ಬರೆದಳು: ಇನ್ನೂರ ಎಪ್ಪತ್ತೈದು ಎಂ.ಎಲ್.

ಸೂಪರಿಂಟೆಂಡೆಂಟರು ಅರ್ಜಿ ಓದಿ ಕನ್ನಡಕ ತೆಗೆದರು. ಮೊದಲಿಗೆ, 'ಸ್ತನ' ಎಂಬ ಪದಕ್ಕೆ ಕೆಂಪು ಶಾಯಿಯಲ್ಲಿ ಗೀಟು ಹಾಕಿ 'ಮುಂಭಾಗದ ಸಾಮಗ್ರಿ' ಎಂದು ತಿದ್ದಿದರು. ಎರಡನೆಯದಾಗಿ, ಅಳತೆಗೆ ಆಕ್ಷೇಪಣೆ ಎತ್ತಿದರು. ಮೇಜು, ಕುರ್ಚಿ, ಕಿಟಕಿ ಪರದೆಗಳಿಗೆ ಇರುವಂತೆ ಇದಕ್ಕೂ ದರ್ಜೆವಾರು ಮಿತಿ ಇತ್ತು. ನಾಲ್ಕನೇ ದರ್ಜೆಯವರಿಗೆ ನೂರೈವತ್ತು, ಗುಮಾಸ್ತರಿಗೆ ಇನ್ನೂರೈವತ್ತು, ಅಧಿಕಾರಿಗಳಿಗೆ ನಾನೂರು. ಅಧಿಕಾರಿಗಳೆಲ್ಲ ಗಂಡಸರೇ ಆಗಿದ್ದರೂ ನಾನೂರರ ಅರ್ಹತೆಯನ್ನು ಯಾರೂ ಬಿಟ್ಟುಕೊಟ್ಟಿರಲಿಲ್ಲ.

"ನಿಮ್ಮ ದರ್ಜೆಗೆ ನೂರೈವತ್ತಮ್ಮ."

"ಸಾರ್, ಬಲಗಡೆದು ಇದೆಯಲ್ಲ, ಅದಕ್ಕೆ ಸಮ ಆಗ್ಬೇಕಲ್ವಾ?"

"ಬಲಗಡೆದಕ್ಕೆ ಮಂಜೂರಾತಿ ಕೊಟ್ಟವರು ಯಾರು?"

"ಅದು ತಾನಾಗೇ ಬಂದದ್ದು ಸಾರ್."

"ಕೆಲಸಕ್ಕೆ ಸೇರುವಾಗ ಘೋಷಣಾ ಪತ್ರದಲ್ಲಿ ತೋರಿಸಿದ್ದೀರಾ? ಇಲ್ಲ. ನಿಮ್ಮ ದರ್ಜೆಗೆ ಮೀರಿದ್ದನ್ನ ಇಷ್ಟು ವರ್ಷ ಇಟ್ಕೊಂಡಿದ್ದೀರಿ. ನಾನಾಗಿದ್ದಕ್ಕೆ ಅದನ್ನ ಕೆದಕ್ತಿಲ್ಲ."

ಟೈಲರಮ್ಮ ಕೈಮುಗಿದಳು. ದೊಡ್ಡ ಮನಸ್ಸಿನವರಿಗೆ ಕೈಮುಗಿಯುವುದು ಆ ಕಚೇರಿಯಲ್ಲಿ ವಾಡಿಕೆ.

ಅವಳ ಮೇಲಿನ ಕನಿಕರದಿಂದಲೇ ಅಳತೆ ನಿರ್ಧಾರ ಸಮಿತಿ ರಚನೆಯಾಯಿತು. ಸೂಪರಿಂಟೆಂಡೆಂಟರು ಅಧ್ಯಕ್ಷರು. ಸಾಮಗ್ರಿ ಎಂಬ ಪದ ಇದ್ದುದರಿಂದ ಸ್ಟೋರ್ ಕೀಪರ್ ಒಬ್ಬ ಸದಸ್ಯ. ಭಾರದ ವಿಷಯ ಬಂದದ್ದರಿಂದ ಕಟ್ಟಡ ವಿಭಾಗದ ಇಂಜಿನಿಯರ್ ಇನ್ನೊಬ್ಬ. ಇಂಜಿನಿಯರು ಮೊದಲ ಸಭೆಯಲ್ಲೇ, ಗೋಡೆ ನೋಡದೆ ಕಮಾನಿನ ಅಳತೆ ಹೇಳಲಾಗದು ಎಂದರು. ಗೋಡೆಯನ್ನು ತೋರಿಸುವುದಿಲ್ಲ ಎಂದು ಟೈಲರಮ್ಮ ಲಿಖಿತವಾಗಿ ತಿಳಿಸಿದಳು. ಆದ್ದರಿಂದ ಮಾದರಿಗಳನ್ನು ತರಿಸಿ ಅಧ್ಯಯನ ಮಾಡಬೇಕೆಂದು ತೀರ್ಮಾನವಾಯಿತು.

ಆರು ಅಳತೆಯ ಆರು ಮೆತ್ತೆಗಳು ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಬಂದವು. ಅಧ್ಯಯನ ಆಳವಾಗಿ ನಡೆಯಿತು. ನಾನೂರರದ್ದು ಇಂಜಿನಿಯರ ಕುರ್ಚಿಗೆ ಹೋಯಿತು, ಅವರಿಗೆ ಸೊಂಟನೋವಿತ್ತು. ಮುನ್ನೂರರದ್ದರ ಮೇಲೆ ಸ್ಟೋರ್ ಕೀಪರ್ ಊಟವಾದ ಮೇಲೆ ತಲೆಯಿಟ್ಟು ಯೋಚಿಸುತ್ತಿದ್ದ. ಇನ್ನೂರೈವತ್ತು, ಇನ್ನೂರು ಅವನ ಎರಡು ಮೊಣಕೈಗಳ ಕೆಳಗೆ ಸೇರಿದವು. ನೂರೈವತ್ತರದ್ದು ಯಾರಿಗೂ ಸಾಲದೆ ಪೆಟ್ಟಿಗೆಯಲ್ಲೇ ಉಳಿಯಿತು.

ತಿಂಗಳು ತಿರುಗಿ ನಾಲ್ಕನೇ ತಾರೀಕಾದಾಗ ಟೈಲರಮ್ಮ ವಿಚಾರಿಸಲು ಹೋದಳು. ಸೂಪರಿಂಟೆಂಡೆಂಟರ ತಲೆಯ ಮೇಲೆ ಫ್ಯಾನು ಗಿರಗಿರ ತಿರುಗುತ್ತಿತ್ತು. ಕೆಳಗೆ ಅವಳದೇ ಕಡತ. ಕಡತದ ಕಾಗದ ಹಾರದಂತೆ ಅದರ ಮೇಲೊಂದು ಮೆತ್ತೆ. ಟೈಲರಮ್ಮ ಬಾಗಿಲಿನಿಂದಲೇ ಗುರುತು ಹಿಡಿದಳು.

"ಸಾರ್, ಇದೇ ನಂದು! ಇನ್ನೂರ ಎಪ್ಪತ್ತೈದು."

"ಮಾದರಿ ಅದು. ಮಾದರಿ ಕೊಡೋ ಹಾಗಿಲ್ಲ."

"ಇಂಥದ್ದೇ ಇನ್ನೊಂದು ತರಿಸಿ ಸಾರ್."

"ತರಿಸೋಕೆ ಈ ಕಡತಕ್ಕೆ ಸಹಿ ಆಗ್ಬೇಕು."

"ಮಾಡಿ ಸಾರ್, ನಿಮ್ಮ ಕೈ ಹತ್ರಾನೇ ಇದೆ."

"ಇದನ್ನ ಎತ್ತಿದ್ರೆ ಕಾಗದ ಹಾರುತ್ತಲ್ಲಮ್ಮ."

"ಒಂದು ನಿಮಿಷ ಫ್ಯಾನ್ ಆರಿಸಿದ್ರೆ?"

"ಫ್ಯಾನು ಕಟ್ಟಡ ವಿಭಾಗದ್ದು. ಇಂಜಿನಿಯರಿಗೆ ಬರೀಬೇಕು. ಅವರು ಸೊಂಟನೋವು ಅಂತ ರಜೆ ಹಾಕಿದ್ದಾರೆ. ಮೆತ್ತೆ ಜೊತೆಗೇ ಒಯ್ದಿದ್ದಾರೆ, ಪಾಪ."

ಒಂಬತ್ತನೇ ತಾರೀಕು ಬೆಳಿಗ್ಗೆ ಸಮಿತಿಯ ಕೊನೆಯ ಸಭೆ ಸೇರಿತು. ಟೈಲರಮ್ಮನನ್ನು ಕರೆಸಿದರು. ಅವಳು ತಾನು ಹೊಲಿದ ಒಂದು ಷರಟನ್ನು ಸಾಕ್ಷಿಗೆಂದು ತಂದಿದ್ದಳು. ಇಂಜಿನಿಯರು ಜೇಬಿನ ಅಂಚಿಗೆ ಸ್ಕೇಲಿಟ್ಟು ನೋಡಿದರು.

"ನೆಟ್ಟಗಿದೆಯಲ್ಲ! ವಾಲುತ್ತೆ ಅಂತ ಅರ್ಜಿಯಲ್ಲಿದೆ?"

"ಔಷಧಿ ಮುಚ್ಚಳದಲ್ಲಿ ಇಪ್ಪತ್ತೇಳೂವರೆ ಅಳೆದು, ಅಕ್ಕಿ ಚೀಲ ಇಟ್ಕೊಂಡು ಹೊಲಿದದ್ದು ಸಾರ್. ಅದಕ್ಕೇ ಹೇಳ್ತಿರೋದು, ನನ್ನ ಅಳತೆ ಇದೇ ಅಂತ."

"ಎಷ್ಟು ದಿನದಿಂದ ಇಟ್ಕೊಂಡಿದ್ದೀರಿ?"

"ಐದು ವಾರ ಆಯ್ತು."

"ತೊಂದರೆ?"

"ಬೆವರಿಗೆ ಒಂದ್ಸಲ ಹುಳ ಆಯ್ತು. ಅಕ್ಕಿ ಬದಲಾಯಿಸಿದೆ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲ ಬಾರಿಗೆ ಸಮಿತಿಯಲ್ಲಿ ಒಮ್ಮತ ಮೂಡಿತು. ಸಂಜೆಯೊಳಗೆ ಸುತ್ತೋಲೆ ಹೊರಬಿತ್ತು:

"ಮುಂಭಾಗದ ಸಾಮಗ್ರಿಯ ಬಗ್ಗೆ ಮಾಡಿಕೊಂಡ ತಾತ್ಕಾಲಿಕ ವ್ಯವಸ್ಥೆಯು ತೃಪ್ತಿಕರವಾಗಿರುವುದರಿಂದ ಶಸ್ತ್ರಚಿಕಿತ್ಸೆಯ ಅಗತ್ಯ ಕಂಡುಬರುವುದಿಲ್ಲ. ಅರ್ಜಿದಾರರು ಕೋರಿದ ಇನ್ನೂರ ಎಪ್ಪತ್ತೈದರ ಅಳತೆಯನ್ನು ಸಹಾನುಭೂತಿಯಿಂದ ಒಪ್ಪಲಾಗಿದೆ. ದರ್ಜೆಯ ಮಿತಿಯಂತೆ ಹದಿನೈದು ಮುಚ್ಚಳ ಅಕ್ಕಿಯನ್ನು ಪ್ರತಿ ತಿಂಗಳು ಸ್ಟೋರಿನಿಂದ ಕೊಡತಕ್ಕದ್ದು. ಉಳಿದ ಹನ್ನೆರಡೂವರೆ ಮುಚ್ಚಳವನ್ನು ಅರ್ಜಿದಾರರು ಸ್ವಂತ ಜವಾಬ್ದಾರಿಯಲ್ಲಿ ಭರಿಸತಕ್ಕದ್ದು. ಹುಳವಾದ ಅಕ್ಕಿಯನ್ನು ಹುಳಸಮೇತ ಹಿಂದಿರುಗಿಸತಕ್ಕದ್ದು."

ಹತ್ತನೇ ತಾರೀಕು ಡಾಕ್ಟರಮ್ಮನ ಮೇಜಿನ ಮೇಲೆ ಬೇರೆ ಯಾರೋ ಮಲಗಿದ್ದರು. ಟೈಲರಮ್ಮ ಸ್ಟೋರಿನ ಕಿಟಕಿಯ ಮುಂದೆ ನಿಂತಿದ್ದಳು. ಸ್ಟೋರ್ ಕೀಪರ್ ಒಂದೊಂದು ಮುಚ್ಚಳವನ್ನೂ ಬೆರಳಲ್ಲಿ ಸವರಿ ಸಮ ಮಾಡಿ ಸುರಿದ.

"ಹದಿನಾಲ್ಕೇ ಆಯ್ತಲ್ಲಣ್ಣ."

"ಒಂದು ಮುಚ್ಚಳ ಸಾಗಣೆ ನಷ್ಟ."

"ಗೋಣಿ ನಿನ್ನ ಕಾಲ ಹತ್ರಾನೇ ಇದೆ. ಎಲ್ಲಿಂದ ಎಲ್ಲಿಗೆ ಸಾಗಿಸ್ದೆ?"

"ಕೆಳಗಿಂದ ಮೇಲಕ್ಕೆ ಅಕ್ಕ" ಎಂದು ಅವನು ಸಹಿ ಮಾಡಿಸಿಕೊಂಡ.

ಅಂದು ಮನೆಯಲ್ಲಿ ಅತ್ತೆ ಡಬ್ಬದಿಂದ ಹದಿಮೂರೂವರೆ ಮುಚ್ಚಳ ಅಳೆದು ಚೀಲಕ್ಕೆ ಹಾಕಿ, ಉಳಿದದ್ದನ್ನು ಒಲೆಯ ಮೇಲಿಟ್ಟರು. ಗಂಡ ಎರಡನೇ ಸಲ ಅನ್ನ ಬೇಡ ಎಂದ. ಮಗಳು ಎಡಗಡೆಗೆ ತಲೆಯಿಟ್ಟು ಮಲಗಿದಳು.

ವಾರದೊಳಗೆ ಬೇರೆ ಡಿಪೋಗಳಿಂದ ಇನ್ನೂ ಹನ್ನೊಂದು ಹೆಂಗಸರ ಅರ್ಜಿಗಳು ಬಂದವು. ಹನ್ನೊಂದು ಚೀಲ ಹೊಲಿಯಲು ಟೈಲರಮ್ಮನಿಗೇ ಆದೇಶವಾಯಿತು. ಖಾಕಿ ಬಟ್ಟೆ, ಮೇಲೆ ಸಂಸ್ಥೆಯ ಮುದ್ರೆ. ಅವಳು ಹೊಲಿದಳು. ಒಂದೂ ವಾಲಲಿಲ್ಲ.

ಕೊನೆಯ ಚೀಲ ಮುಗಿಸಿದ ದಿನ ಸೂಪರಿಂಟೆಂಡೆಂಟರು ತಾವೇ ಸಮವಸ್ತ್ರ ವಿಭಾಗಕ್ಕೆ ಇಳಿದು ಬಂದರು. ಮಾದರಿಗೆ ಧೂಳು ಅಂಟಿಕೊಳ್ಳುತ್ತಿದೆ, ಅದಕ್ಕೊಂದು ಗವಸು ಬೇಕು ಎಂದರು. ಅಳತೆಗೆ ಮಾದರಿಯನ್ನು ಕೆಳಗೆ ಕಳಿಸುವಂತಿಲ್ಲ, ಕಾಗದ ಹಾರುತ್ತದೆ, ಅಂದಾಜಿನಲ್ಲೇ ಹೊಲಿಯಬೇಕು.

ಟೈಲರಮ್ಮ ಟೇಪು ಮುಟ್ಟಲಿಲ್ಲ. ಬಟ್ಟೆ ಕತ್ತರಿಸಿ, ಹತ್ತು ನಿಮಿಷದಲ್ಲಿ ಹೊಲಿದು, ಮೇಲೆ ಹೋಗಿ ತೊಡಿಸಿದಳು. ಎಲ್ಲೂ ಒಂದು ನೆರಿಗೆ ಬೀಳಲಿಲ್ಲ.

"ನೋಡಿ, ಅಳತೆ ಅಂದ್ರೆ ಹೀಗಿರ್ಬೇಕು!" ಎಂದು ಸೂಪರಿಂಟೆಂಡೆಂಟರು ಇಡೀ ಕಚೇರಿಗೆ ಕೇಳುವಂತೆ ಹೊಗಳಿದರು. ಎಲ್ಲರೂ ಹೌದೆಂದು ತಲೆಯಾಡಿಸಿದರು. ಟೈಲರಮ್ಮನೂ ಆಡಿಸಿದಳು.